ಹೊಗಳಿಕೆಗೆ ಹೆದರುತ್ತಿದ್ದ ಯಾಯಾ

ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ಬೀದಿಯವರೆಲ್ಲ ಯಾಯಾ ಎಂದು ಕರೆಯುತ್ತಿದ್ದರು. ಅವರ ಗ್ರೀಕ್ ಭಾಷೆಯಲ್ಲಿ ಯಾಯಾ ಎಂದರೆ ಅಜ್ಜಿ, ಅಷ್ಟೇ. ಮೆಲ್ಬೋರ್ನಿನ ಗ್ಲೆನ್ ವೇವರ್ಲಿಯಲ್ಲಿ ನಾವು ಮನೆ ಮಾಡಿದ ಹೊಸತರಲ್ಲಿ ನಾನು ಮೈಸೂರಿನ ಅಭ್ಯಾಸದಂತೆ ಒಂದು ಡಬ್ಬಿ ಸಿಹಿ ಹಿಡಿದು ಅವರ ಬಾಗಿಲಿಗೆ ಹೋಗಿದ್ದೆ. ಬಾಗಿಲು ತೆರೆದವರು ಡಬ್ಬಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನನ್ನ ತಲೆಯ ಮೇಲೆ, ಆಕಾಶದ ಕಡೆ ನೋಡಿದರು. ಆಸ್ಪತ್ರೆಯ ಹೆಲಿಕಾಪ್ಟರ್ ಒಂದು ಹೋಗುತ್ತಿತ್ತು. ಅದರ ಸದ್ದು ಪೂರ್ತಿ ಅಡಗುವ ತನಕ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಆಮೇಲೆ ಒಳಗೆ ಕರೆದರು. "ಎಷ್ಟು ಚೆನ್ನಾಗಿದೆ ನಿಮ್ಮ ತೋಟ" ಎಂದು ನಾನು ಮಾತು ಶುರು ಮಾಡಿದೆ. ಅವರು ಹುಬ್ಬು ಗಂಟಿಕ್ಕಿ, ನೆಲದ ಕಡೆ ತಿರುಗಿ ತೂ ತೂ ತೂ ಎಂದರು. ಹೊಗಳಿದರೆ ಉಗಿಯುವ ಹೆಂಗಸು ಎಂದು ಮನೆಗೆ ಬಂದು ಗಂಡನಿಗೆ ಹೇಳಿ ನಕ್ಕಿದ್ದೆ. ದೃಷ್ಟಿ ತೆಗೆಯುವುದು ನಮಗೆ ಹೊಸದಲ್ಲ, ಆದರೆ ಅವರ ಮುಖದಲ್ಲಿದ್ದದ್ದು ದೃಷ್ಟಿಯ ಹೆದರಿಕೆಯಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ಅವರದು ಹಳೆಯ ಇಟ್ಟಿಗೆ ಮನೆ. ಒಳ್ಳೆಯ ಶಾಲೆಯ ಸರಹದ್ದು, ಅಂದರೆ ಸ್ಕೂಲ್ ಜೋನ್, ಎಂಬ ಮಂತ್ರಕ್ಕೆ ಮರುಳಾಗಿ ನಮ್ಮಂಥವರು ಬಂದು ತುಂಬಿಕೊಂಡ ಮೇಲೆ ಆ ಬೀದಿಯ ಹಳೆಯ ಮನೆಗಳೆಲ್ಲ ಒಂದೊಂದಾಗಿ ನೆಲಸಮವಾಗಿ, ಎರಡಂತಸ್ತಿನ ಮನೆಗಳು ಎದ್ದಿದ್ದವು. ಯಾಯಾ ಮಾತ್ರ ಕದಲಿರಲಿಲ್ಲ. ಮುಂದೆ ಆಲಿವ್ ಮರ, ಹಿಂದೆ ನಿಂಬೆ ಗಿಡ, ಗ್ಯಾರೇಜಿನಲ್ಲಿ ಕಾರಿನ ಬದಲು ಇನ್ನೊಂದು ಅಡುಗೆಮನೆ. ಮನೆಯೊಳಗಿನ ಅಡುಗೆಮನೆ ನೆಂಟರಿಷ್ಟರಿಗೆ ತೋರಿಸಲಿಕ್ಕೆ, ಗ್ಯಾರೇಜಿನದು ನಿಜವಾದ ಅಡುಗೆಗೆ. ಅಲ್ಲೊಂದು ದೊಡ್ಡ ಗ್ಯಾಸ್ ಅವನ್ ಇತ್ತು. ಬೆಳಕು ಹರಿಯುವ ಮುಂಚೆಯೇ ಅದರಲ್ಲಿ ಬ್ರೆಡ್ ಬೇಯುವ ವಾಸನೆ ನಮ್ಮ ಕೋಣೆಗೆ ಬರುತ್ತಿತ್ತು. ಗಂಡ ತೀರಿಕೊಂಡಿದ್ದಾರೆ, ಒಬ್ಬನೇ ಮಗ ನಗರದ ಇನ್ನೊಂದು ತುದಿಯಲ್ಲಿದ್ದಾನೆ, ಒಂಟಿ ಹೆಂಗಸು ಇಷ್ಟು ಬ್ರೆಡ್ ಯಾರಿಗೆ ಮಾಡುತ್ತಾರೋ ಎಂದು ನಾನು ಹೊರಳಿ ಮಲಗುತ್ತಿದ್ದೆ.

ಮಾವ ಹೋದ ಮೇಲೆ ನಮ್ಮತ್ತೆ ಧಾರವಾಡದಿಂದ ನಮ್ಮ ಮನೆಗೇ ಬಂದರು. ಅವರ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಅವರ ಓಣಿಯಲ್ಲಿ ಯಾವ ಮನೆಯ ಹುಡುಗಿಗೆ ಗಂಡು ಗೊತ್ತಾಗುವುದಿದ್ದರೂ, ಗಂಡಿನ ಕಡೆಯವರು ಗುಟ್ಟಾಗಿ ವಿಚಾರಿಸಲು ಬರುತ್ತಿದ್ದದ್ದು ನಮ್ಮತ್ತೆಯ ಜಗಲಿಗೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಅತ್ತೆಗೆ ಸುಳ್ಳಿನ ಅಗತ್ಯವೂ ಬೀಳುತ್ತಿರಲಿಲ್ಲ. ಯಾರಲ್ಲಾದರೂ ಏನಾದರೊಂದು ಒಳ್ಳೆಯದು ಅವರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಮುಂಗೋಪಿ ಹುಡುಗಿಯಾದರೆ "ಮನಸ್ಸಿನ್ಯಾಗ ಒಂದು ಇಟಗೊಳ್ಳಂಗಿಲ್ಲ", ಸೋಮಾರಿಯಾದರೆ "ಭಾಳ ಸಮಾಧಾನದಾಕಿ". ಚಹಾ, ಚೂಡಾ ಕೊಟ್ಟು, ವಿವರಕ್ಕೆ ವಿವರ ಸೇರಿಸಿ ಅವರು ಹೇಳಿದ ಮೇಲೆ ಆ ಸಂಬಂಧ ತಪ್ಪುತ್ತಿರಲಿಲ್ಲ. ವಿಚಾರಿಸಲು ಬಂದವರ ಮುಂದೆ ನೆರೆಯವರ ಒಳ್ಳೆಯದನ್ನು ಮುಚ್ಚಿಡುವುದು ಪಾಪ ಎಂದು ಅವರು ನಂಬಿದ್ದರು. ನನ್ನನ್ನು ಮಾತ್ರ ಎಂದೂ ಹೊಗಳಿದವರಲ್ಲ. ಮನೆಯ ಸೊಸೆಯನ್ನು ಮನೆಯಲ್ಲಿ ಹೊಗಳಬಾರದು ಎನ್ನುವುದು ಅವರ ಇನ್ನೊಂದು ನಂಬಿಕೆ.

ಅತ್ತೆಗೂ ಯಾಯಾಗೂ ಸ್ನೇಹವಾದದ್ದು ಸೊಪ್ಪಿನಿಂದ. ನಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟಿದ್ದ ರಾಜಗಿರಿಯನ್ನು ನಾನು ಕಳೆ ಎಂದು ಕಿತ್ತು ಹಸಿರು ಕಸದ ತೊಟ್ಟಿಗೆ ಹಾಕುತ್ತಿದ್ದೆ. ಬೇಲಿಯ ಈಚೆಯಿಂದ ಅತ್ತೆ, ಆಚೆಯಿಂದ ಯಾಯಾ, ಇಬ್ಬರೂ ಒಟ್ಟಿಗೆ ನನ್ನನ್ನು ಬೈದರು. ಒಬ್ಬರು ಧಾರವಾಡದ ಕನ್ನಡದಲ್ಲಿ, ಇನ್ನೊಬ್ಬರು ಗ್ರೀಕಿನಲ್ಲಿ. ಅಂದಿನಿಂದ ಮಧ್ಯಾಹ್ನವಾದರೆ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅತ್ತೆ ಅವರನ್ನು ಅಕ್ಕಾರು ಎನ್ನುತ್ತಿದ್ದರು. ತೊಂಬತ್ತು ದಾಟಿದ ಅಕ್ಕ, ಎಪ್ಪತ್ತು ದಾಟಿದ ತಂಗಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದದ್ದೇ ಆ ಸ್ನೇಹದ ಗುಟ್ಟು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಯಾಯಾ ತಮ್ಮ ಕಥೆಯನ್ನು ಹೇಳಿದ್ದು ನನಗೊಬ್ಬಳಿಗೆ. ನಾನು ಮನೆಯಿಂದ ಕೆಲಸ ಮಾಡುತ್ತಿದ್ದ ಒಂದು ದಿನ, ಅತ್ತೆ ಒಳಗೆ ಮಲಗಿದ್ದರು. ತುಂಡು ತುಂಡು ಇಂಗ್ಲಿಷಿನಲ್ಲಿ, ಸೊಪ್ಪಿನಿಂದ ಕಣ್ಣು ಎತ್ತದೆ ಹೇಳಿದರು. ಕ್ರೀಟ್ ಎಂಬ ದ್ವೀಪದಲ್ಲಿ ಅವರದೊಂದು ಬೆಟ್ಟದ ಊರು. ಊರಿನ ಕಾಫಿ ಅಂಗಡಿಯಲ್ಲೊಂದು ರೇಡಿಯೋ. ಜರ್ಮನಿಯವರು ಒಂದು ದೇಶ ಹಿಡಿದರು ಎಂದು ಮೊದಲು ಅದು ಹೇಳಿದಾಗ ಗಂಡಸರು ದೂರದ ಸುದ್ದಿ ಎಂದು ಎದ್ದು ಹೋದರಂತೆ. ಆಮೇಲೆ ಉತ್ತರದ ದೇಶಗಳು, ಆಮೇಲೆ ಹಾಲೆಂಡ್, ಫ್ರಾನ್ಸ್.

"ಆಲಿವ್ ಉಪ್ಪುನೀರಲ್ಲಿ ಹಾಕಿಡ್ತೀವಲ್ಲ, ಅದರ ಕಹಿ ಹೋಗೋಕೆ ಮುಂಚೆ ಒಂದು ದೇಶ ಹೋಗ್ತಿತ್ತು," ಎಂದರು. "ಅಪ್ಪ ಬಂದು ದಿನಾ ಅಮ್ಮನಿಗೆ ಹೇಳ್ತಿದ್ರು, ಇವತ್ತು ಇಂಥದ್ದು ಹೋಯ್ತು ಅಂತ. ಅಮ್ಮ ಹಿಟ್ಟು ನಾದೋದು ನಿಲ್ಲಿಸ್ತಿರಲಿಲ್ಲ."

ಕೊನೆಗೆ ಜರ್ಮನಿಯವರು ಇವರ ಆಕಾಶಕ್ಕೇ ಬಂದರು. ವಿಮಾನಗಳಿಂದ ಸೈನಿಕರನ್ನು ಹೊತ್ತ ಪ್ಯಾರಾಚೂಟಿನ ಬಿಳಿಯ ಕೊಡೆಗಳು ಇಳಿದವು. ಮಕ್ಕಳು ಚಪ್ಪಾಳೆ ತಟ್ಟಿದರಂತೆ, ಅಷ್ಟು ಚಂದವಿತ್ತು. ಊರಿನ ಮುದುಕರು ಬೇಟೆಯ ಕೋವಿ ಹಿಡಿದು, ಹೆಂಗಸರು ಕುಡುಗೋಲು, ಒನಕೆ ಹಿಡಿದು ಓಡಿದರು. ಸೈನಿಕರಲ್ಲದವರು ಹೀಗೆ ಮೈಮೇಲೆ ಬೀಳುತ್ತಾರೆಂದು ಇಳಿದವರು ಎಣಿಸಿರಲಿಲ್ಲ. ಹಾಗಿದ್ದೂ ದ್ವೀಪ ಬಹಳ ದಿನ ತಡೆಯಲಿಲ್ಲ. ಕಾಪಾಡಲು ಬಂದಿದ್ದ ಆಸ್ಟ್ರೇಲಿಯಾದ ಸಿಪಾಯಿ ಹುಡುಗರಲ್ಲಿ ಕೆಲವರು ಕೊನೆಯ ಹಡಗು ಸಿಗದೆ ಬೆಟ್ಟ ಹತ್ತಿ ಗುಹೆಗಳಲ್ಲಿ ಅಡಗಿದರು. ಅವರ ಹೊಟ್ಟೆಗೆ ಹಾಕಿದ್ದು ಯಾಯಾಳ ಅಮ್ಮನಂಥ ಹೆಂಗಸರು. ಬೆಳಕು ಹರಿಯುವ ಮುಂಚೆ ಒಲೆ ಹೊತ್ತಿಸಬೇಕು, ಹೊಗೆ ಕಾಣಬಾರದು. ಎಷ್ಟು ಬ್ರೆಡ್ ಎಂದು ಯಾರೂ ಯಾರಿಗೂ ಹೇಳಬಾರದು. ಬಟ್ಟೆಯಲ್ಲಿ ಸುತ್ತಿ ಹಳ್ಳದ ಬಂಡೆಯ ಹಿಂದೆ ಇಟ್ಟು ಬರುವುದು ಮಕ್ಕಳ ಕೆಲಸ. ಇಟ್ಟು ತಿರುಗಿ ನೋಡದೆ ಬರಬೇಕು.

ಒಂದು ದಿನ ಜರ್ಮನ್ ಸೈನಿಕನೊಬ್ಬ ಮೊಟ್ಟೆ ಕೊಳ್ಳಲು ಊರಿಗೆ ಬಂದ. ಪುಸ್ತಕ ನೋಡಿ ಗ್ರೀಕ್ ಕಲಿತಿದ್ದ, ಬಹಳ ಮರ್ಯಾದಸ್ಥ, ಮಕ್ಕಳಿಗೆ ಮಿಠಾಯಿ ಕೊಟ್ಟ. ಬ್ರೆಡ್ ಎಷ್ಟು ಚೆನ್ನಾಗಿದೆ, ಯಾರು ಮಾಡಿದ್ದು ಎಂದು ಕೇಳಿದ. ಊರಿನವರೊಬ್ಬರು ಹೆಮ್ಮೆಯಿಂದ ಹೇಳಿದರು: ಇವಳೇ ಮಾಡಿದ್ದು, ಇವಳ ಕೈ ಯಾರಿಗೂ ಬರುವುದಿಲ್ಲ, ಒಲೆ ತುಂಬ ಸುಟ್ಟು ಮತ್ತೆ ಇನ್ನೊಂದು ಒಲೆ ಸುಡುತ್ತಾಳೆ, ದಣಿವೇ ಇಲ್ಲ. ಸೈನಿಕ ಒಲೆಯನ್ನು ನೋಡಿದ, ಮನೆಯಲ್ಲಿ ತಿನ್ನುವವರು ಎಷ್ಟು ಜನ ಎಂದು ನೋಡಿದ, ಧನ್ಯವಾದ ಹೇಳಿ ಹೋದ. ಮರುದಿನ ಲಾರಿ ಬಂತು. ಯಾಯಾಳ ಅಮ್ಮನನ್ನು, ಜೊತೆಗೆ ಇನ್ನಿಬ್ಬರು ಹೆಂಗಸರನ್ನು ಊರಾಚೆ ಕರೆದುಕೊಂಡು ಹೋದರು. ಮಕ್ಕಳನ್ನು ಚರ್ಚಿನೊಳಗೆ ಕೂಡಿ ಬಾಗಿಲು ಹಾಕಿದರು. ಒಳಗಿದ್ದವರಿಗೆ ಸದ್ದು ಮಾತ್ರ ಕೇಳಿಸಿತು.

ನನ್ನ ನಾಲಿಗೆ ಸುಮ್ಮನಿರುವುದಲ್ಲ. "ಯಾರು ಹಾಗೆ ಹೇಳಿದ್ದು?" ಎಂದು ಕೇಳಿಬಿಟ್ಟೆ.

"ಯಾರೋ ಒಳ್ಳೆಯವರು," ಎಂದರು ಯಾಯಾ. ಸೋಸಿದ ಸೊಪ್ಪನ್ನು ತೊಳೆಯಲು ಎದ್ದರು.

ಇದನ್ನು ನಾನು ಅತ್ತೆಗೆ ಹೇಳಲಿಲ್ಲ. ಗೆಳತಿಯರಿಬ್ಬರ ನಡುವಿನ ಸೊಪ್ಪಿನ ಸುಖಕ್ಕೆ ಆ ಲಾರಿಯನ್ನು ತಂದು ನಿಲ್ಲಿಸುವುದು ಬೇಡವೆನಿಸಿತು.

ಆಮೇಲೊಂದು ವರ್ಷ ಟಿವಿಯಲ್ಲಿ, ಯೂರೋಪಿನಲ್ಲೇ ಒಂದು ದೇಶದ ಗಡಿ ದಾಟಿ ಟ್ಯಾಂಕುಗಳು ಸಾಲಾಗಿ ನುಗ್ಗುವುದನ್ನು ತೋರಿಸತೊಡಗಿದರು. ನಾವೆಲ್ಲ ಊಟ ಮಾಡುತ್ತ ನೋಡಿ, ಅಯ್ಯೋ ಪಾಪ ಎಂದು ಚಾನೆಲ್ ಬದಲಿಸಿದೆವು. ಯಾಯಾ ಬದಲಿಸಲಿಲ್ಲ. ಅವರ ಮನೆಯ ಟಿವಿಯ ನೀಲಿ ಬೆಳಕು ಹಗಲು ಹೊತ್ತಿನಲ್ಲೂ ಪರದೆಯ ಸಂದಿನಿಂದ ಕಾಣುತ್ತಿತ್ತು. ಆ ವಾರದಿಂದ ಬೆಳಗಿನ ವಾಸನೆ ಹೆಚ್ಚಾಯಿತು. ಮೊದಲು ವಾರಕ್ಕೊಮ್ಮೆ ಇದ್ದದ್ದು ದಿನವೂ ಬರತೊಡಗಿತು. ಒಂದು ಮುಂಜಾನೆ ನಾನು ವಾಕಿಂಗ್ ಹೊರಟಾಗ, ಕಪ್ಪು ಉಡುಪಿನ ಯಾಯಾ ನಮ್ಮ ಬೀದಿಯ ಹಿಂದಿನ ಕ್ರೀಕಿನ, ಅಂದರೆ ಸಣ್ಣ ಹಳ್ಳದ, ದಡದಲ್ಲಿ ಒಂದು ಕಲ್ಲಿನ ಹಿಂದೆ ಬಟ್ಟೆಯ ಗಂಟು ಇಡುತ್ತಿದ್ದರು. ಇಟ್ಟವರು ತಿರುಗಿ ನೋಡದೆ ನನ್ನ ಪಕ್ಕದಲ್ಲೇ ಹಾದುಹೋದರು. ನನ್ನ ಗುರುತು ಹಿಡಿಯಲಿಲ್ಲ.

ಅತ್ತೆಗೆ ವಿಷಯ ನನಗಿಂತ ಮೊದಲೇ ಗೊತ್ತಿತ್ತು. "ಸಿಪಾಯಿ ಹುಡುಗ್ರಿಗೆ ಇಡತಾರವಾ ಅಕ್ಕಾರು," ಎಂದರು. "ಕೈಸನ್ನಿ ಮಾಡಿ ಹೇಳ್ಯಾರ ನನಗ. ಈ ವಯಸ್ಸಿನ್ಯಾಗ ದಾಸೋಹ ನಡಸ್ಯಾರ ನೋಡು."

"ಅಲ್ಲಿ ಯಾವ ಸಿಪಾಯಿಗಳೂ ಇಲ್ಲ ಅತ್ತೆ. ನರಿ ತಿಂತಾವೆ, ಹಕ್ಕಿ ತಿಂತಾವೆ. ಅವರಿಗೆ ನೆನಪು ಕಲಸಿಹೋಗ್ತಿದೆ."

"ಯಾರ ತಿಂದರೇನು? ಕೊಡೂ ಕೈ ನೋಡಬೇಕವಾ."

ವಾದ ಮಾಡಿ ಉಪಯೋಗವಿರಲಿಲ್ಲ. ಆದರೆ ಒಂದು ಬೆಳಿಗ್ಗೆ ವಾಸನೆಯ ಬದಲು ಹೊಗೆ ಬಂತು. ಯಾಯಾ ಅವನ್ ಹಚ್ಚಿ, ಮೇಲೆ ಬಟ್ಟೆ ಒಣಗಲು ಹಾಕಿ, ಕ್ರೀಕಿಗೆ ಹೋಗಿಬಿಟ್ಟಿದ್ದರು. ಕೂಗಿ ಎಚ್ಚರಿಸಬೇಕಾದ ಸ್ಮೋಕ್ ಅಲಾರ್ಮನ್ನು ಅವರೇ ಎಂದೋ ಕಿತ್ತು ಡ್ರಾಯರಿನಲ್ಲಿ ಹಾಕಿದ್ದರು. ಅದು ಕೂಗಿದರೆ ಜರ್ಮನಿಯವರು ಬರುತ್ತಾರಂತೆ. ಅತ್ತೆ ಒದ್ದೆ ಗೋಣಿಚೀಲ ಹಿಡಿದು ಓಡಿ ಬೆಂಕಿ ಆರಿಸಿದರು. ನಾನು ಹೋಗುವಷ್ಟರಲ್ಲಿ ಇಬ್ಬರೂ ಮಸಿ ಮುಖದಲ್ಲಿ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಅಂದಿನಿಂದ ಬೆಳಿಗ್ಗೆ ಅತ್ತೆ ಅಲ್ಲಿಯೇ ಹೋಗಿ ಕೂರುವುದು, ಅವನ್ ಆರಿಸಿಯೇ ಬರುವುದು ಎಂದು ನಮ್ಮನಮ್ಮಲ್ಲಿ ಗೊತ್ತು ಮಾಡಿಕೊಂಡೆವು. ಮಗನಿಗೆ ತಿಳಿಸಲಿಲ್ಲ. ತಿಳಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಮಗನೇನೂ ಕೆಟ್ಟವನಲ್ಲ. ತಾನೂ ಅರವತ್ತು ದಾಟಿದವನು, ಪ್ರತಿ ಭಾನುವಾರ ಬಂದು ಹುಲ್ಲು ಕತ್ತರಿಸಿ ತಾಯಿಯ ಪಕ್ಕ ಕೂತು ಹೋಗುವವನು. ಒಂದು ಭಾನುವಾರ ಲೆಟರ್‌ಬಾಕ್ಸ್ ಹತ್ತಿರ ನನ್ನನ್ನು ನಿಲ್ಲಿಸಿದ.

"ಏಜ್ಡ್ ಕೇರ್ ಅಸೆಸ್‌ಮೆಂಟಿಗೆ ಸರ್ಕಾರದ ಕಡೆಯಿಂದ ಒಬ್ಬರು ಬರ್ತಾರೆ," ಎಂದ. "ಅಮ್ಮ ಸ್ವಲ್ಪ ಸಹಾಯದಲ್ಲಿ ಮನೇಲೇ ಇರಬಹುದು ಅಂತ ಅವರು ಹೇಳಿದರೆ ಇಲ್ಲೇ ಇಟ್ಕೋತೀನಿ. ಇಲ್ಲ ಅಂದರೆ ವೃದ್ಧರ ಹೋಮ್. ಕೊನೇವರೆಗೂ ಈ ಮನೆಯಲ್ಲೇ ಇರ್ತೀಯ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ ನಾನು. ಆದರೆ ಬೆಳಿಗ್ಗೆ ಫೋನ್ ಬಂದ್ರೆ ಎದೆ ಹಿಡಿದುಹೋಗುತ್ತೆ."

ಯಾಯಾಗೂ ಗೊತ್ತಿತ್ತು. ಬೇಲಿಯ ಹತ್ತಿರ ನನ್ನ ಕೈ ಹಿಡಿದು, "ಇಲ್ಲಿಂದ ಕರೆದುಕೊಂಡು ಹೋದ್ರೆ ಹುಡುಗರಿಗೆ ಯಾರು?" ಎಂದು ಕೇಳಿದರು. ಮರುಗಳಿಗೆಯೇ ತಿಳಿಯಾದ ಕಣ್ಣಿನಿಂದ, "ನಾನು ಇಲ್ಲೇ ಸಾಯಬೇಕು ಕಣಮ್ಮ. ಇನ್ನೊಂದು ಸಲ ಬಾಗಿಲು ಹಾಕಿದ ಕೋಣೇಲಿ ಕೂರೋಕೆ ಆಗಲ್ಲ," ಎಂದರು. ಎರಡೂ ಮಾತನ್ನು ಒಂದೇ ದನಿಯಲ್ಲಿ ಹೇಳಿದರು.

ಅಸೆಸ್‌ಮೆಂಟಿನ ವಾರವೇ ನನ್ನನ್ನು ಆಫೀಸಿನವರು ಸಿಡ್ನಿಗೆ ಕಳಿಸಿದರು. ವೆಸ್ಟ್‌ಮೀಡ್‌ನಲ್ಲಿ ಒಂದು ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬರುತ್ತಿತ್ತು, ನರ್ಸುಗಳಿಗೆ ಕಲಿಸುವುದು ನನ್ನ ಕೆಲಸ. ಹೊರಡುವಾಗ ಅತ್ತೆಗೆ ಹೇಳಿದೆ: "ಯಾಯಾನ ನೋಡೋಕೆ ಆಫೀಸಿನವರು ಬರ್ತಾರೆ. ನೀವು ಜೊತೆಯಲ್ಲಿ ಕೂತಿರಿ ಸಾಕು. ಕೇಳಿದರೆ ಚೆನ್ನಾಗಿದಾರೆ ಅನ್ನಿ."

"ಅಷ್ಟೂ ತಿಳೀದೇನವಾ ನನಗ? ಚಿಂತಿ ಬಿಡು, ಹೋಗಿ ಬಾ," ಎಂದರು ಅತ್ತೆ. ಇಂಗ್ಲಿಷ್ ಬಾರದ ಅತ್ತೆ ಏನು ತಾನೇ ಹೇಳಿಯಾರು ಎಂದು ನಾನೂ ನೆಮ್ಮದಿಯಿಂದ ವಿಮಾನ ಹತ್ತಿದೆ.

ಸ್ಟೇಷನ್ ಹತ್ತಿರದ ಬಾಡಿಗೆ ಫ್ಲ್ಯಾಟಿನಲ್ಲಿ ನನ್ನನ್ನು ಇಳಿಸಿದ್ದರು. ಆಸ್ಪತ್ರೆಗೆ ಹೋಗುವ ಆಂಬುಲೆನ್ಸುಗಳ ಸದ್ದು ಒಂದು ನಿಂತರೆ ಇನ್ನೊಂದು. ಆ ಸಂಜೆ ಬೇಳೆ ಬೇಯಲು ಇಟ್ಟು ಮನೆಗೆ ವಿಡಿಯೋ ಕಾಲ್ ಮಾಡಿದೆ. ಪರದೆಯ ತುಂಬ ಅತ್ತೆಯ ಮುಖ, ಗೆದ್ದು ಬಂದವರ ಕಳೆ.

"ಬಂದಿದ್ಲವಾ ಆಫೀಸಿನಾಕಿ," ಎಂದರು. "ಪಂಜಾಬದ ಹುಡುಗಿ. ಹಿಂದೀ ಬರತದ ಆಕೀಗೆ. ಮತ್ತೇನ ಬೇಕು, ಇಬ್ಬರೂ ಮಾತಿಗೆ ಕುಂತಿವಿ."

ನಾನು ಒಲೆ ಸಣ್ಣ ಮಾಡಿದೆ. "ಏನು ಕೇಳಿದಳು ಅತ್ತೆ?"

"ಅಕ್ಕಾರು ಹೆಂಗ ಅದಾರ, ದಿನಾ ಏನ ಮಾಡ್ತಾರ, ಊಟ ಹೆಂಗ, ಓಡಾಟ ಹೆಂಗ. ಎಲ್ಲಾ ವಿಚಾರ ಮಾಡಿದ್ಲು. ನಾ ಬಿಡ್ತೀನೇನು? ಇಂಥಾಕೀನ ನೀ ಎಲ್ಲೂ ನೋಡಿರಲಿಕ್ಕಿಲ್ಲ ಅಂದೆ. ಬೆಳಕ ಹರಿಯೂದರಾಗ ಎದ್ದು ರಾಶಿ ಬ್ರೆಡ್ ಮಾಡ್ತಾರ, ತಾವು ಒಂದ ತುತ್ತ ತಿನ್ನಂಗಿಲ್ಲ, ಎಲ್ಲಾ ಹಳ್ಳದ ದಂಡಿಗೆ ಒಯ್ದು ಸಿಪಾಯಿ ಹುಡುಗ್ರಿಗೆ ಇಟ್ಟ ಬರ್ತಾರ ಅಂದೆ. ಕತ್ತಲಿ ಇರಲಿ, ಥಂಡಿ ಇರಲಿ, ಒಂದ ದಿನಾ ತಪ್ಪಿಸಂಗಿಲ್ಲ ಅಂದೆ."

"ಬೆಂಕಿ ಬಿದ್ದದ್ದು ಹೇಳಲಿಲ್ಲ ತಾನೆ?"

"ಹೇಳದ ಏನು? ನನ್ನ ಮ್ಯಾಲೆ ಎಷ್ಟ ವಿಶ್ವಾಸ ಅನ್ನೂದಕ್ಕ ಅದನ್ನ ಹೇಳಿದೆ. ಅಷ್ಟ ಬೆಂಕಿ ಹತ್ತಿದ್ರೂ ಅಂಜಲಿಲ್ಲ, ನನ್ನ ಕೂಡ ಕುಂತು ನಕ್ಕರು, ಅಂಥಾ ಗಟ್ಟಿ ಜೀವ ಅಂದೆ. ಆ ಹುಡುಗಿ ಭಾಳ ಖುಷಿಯಾದ್ಲು. ಎಲ್ಲಾ ಬರಕೊಂಡ್ಲು."

"ಯಾಯಾ ಎಲ್ಲಿದ್ದರು ಆಗ?"

"ಅಲ್ಲೇ ಗ್ಯಾರೇಜಿನ್ಯಾಗ, ಎದುರಿಗೇ ಕುಂತಿದ್ರು. ನಾ ಆ ಅವನ್ ಕಡೆ ಕೈ ಮಾಡಿ ತೋರಿಸಿದೆ, ಇದರ ತುಂಬ ಮಾಡ್ತಾರ ನೋಡು ಅಂತ. ಅಕ್ಕಾರು ನನ್ನ ಮಾರೀನ ನೋಡಕೋತ ಕುಂತಿದ್ರು. ಹಿಂದೀ ತಿಳೀಲಿಲ್ಲಲ್ಲ, ಪಾಪ."

ಅತ್ತೆ ಇನ್ನೂ ಹೇಳುತ್ತಿದ್ದರು. ಆ ಹುಡುಗಿಗೆ ಚೂಡಾ ಇಷ್ಟವಾಯಿತಂತೆ, ಡಬ್ಬಿಗೆ ಹಾಕಿ ಕೊಟ್ಟರಂತೆ. ನಾನು ಫೋನನ್ನು ಗೋಡೆಗೆ ಒರಗಿಸಿಟ್ಟು ಕುಳಿತೆ. ಪುಸ್ತಕ ನೋಡಿ ಗ್ರೀಕ್ ಕಲಿತಿದ್ದ ಆ ಮರ್ಯಾದಸ್ಥ ಸೈನಿಕ, ನಗುತ್ತ ಬರೆದುಕೊಂಡ ಈ ಹುಡುಗಿ. ಹೋಲಿಸಬಾರದು, ಅವಳು ತನ್ನ ಕೆಲಸ ಮಾಡಿದಳು, ಒಂದು ಜೀವ ಉಳಿಸಲೆಂದೇ ಮಾಡಿದಳು. ಅಷ್ಟು ಬುದ್ಧಿ ನನಗಿದೆ. ಆದರೂ ಎದುರಿಗೆ ಕೂತು ಆ ಕೈ ಅವನ್ ಕಡೆ ಚಾಚಿದ್ದನ್ನು ನೋಡಿದ ಯಾಯಾಗೆ ಏನು ಕಂಡಿರಬಹುದು ಎಂದು ಯೋಚಿಸಿ ನನಗೆ ಭಯವಾಯಿತು.

ಮಗನಿಗೆ ಫೋನ್ ಮಾಡಿದೆ. ತಾಯಿ ಒಂಟಿಯಾಗಿ ಮನೆಯಲ್ಲಿರುವುದು ಅಪಾಯ ಎಂಬ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಅಮ್ಮ ಬ್ರೆಡ್ ಮಾಡೋದು ಗೊತ್ತಿತ್ತು," ಎಂದ. "ಕ್ರೀಕಿಗೆ ಹೋಗೋದು ಗೊತ್ತಿರಲಿಲ್ಲ. ಬೆಂಕಿ ಗೊತ್ತಿರಲಿಲ್ಲ. ನೀವ್ಯಾಕೆ ನನಗೆ ಹೇಳಲಿಲ್ಲ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮೆಲ್ಬೋರ್ನಿಗೆ ಮರಳುವ ಪ್ರಯಾಣದುದ್ದಕ್ಕೂ ನಾನು ಅತ್ತೆಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದೆ. ನಿಮ್ಮ ಬಾಯಿಂದಲೇ ಆಯಿತು ಅತ್ತೆ. ನಿಮ್ಮ ಜಗಲಿಯಲ್ಲ ಇದು. ಇಷ್ಟು ವರ್ಷ ಈ ಮನೆಯಲ್ಲಿ ದುಡಿದ ನನ್ನ ಬಗ್ಗೆ ಬಾರದ ಒಳ್ಳೆಯ ಮಾತು, ಅಲ್ಲಿ ಮಾತ್ರ ಯಾಕೆ ಅಷ್ಟು ಧಾರಾಳವಾಗಿ ಹರಿಯಿತು? ಕೊನೆಯದು ಯಾಯಾಗೆ ಸಂಬಂಧಿಸಿದ್ದಲ್ಲ ಎಂದು ನನಗೇ ಗೊತ್ತಿತ್ತು. ಆದರೂ ಸೇರಿಸಿಕೊಂಡೆ. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತು, ಪ್ರಯಾಣದಿಂದ ಸೊರಗಿದ್ದೀಯ ಎಂದು ಬಿಸಿ ಸಾರು ಕೊಟ್ಟರು. ಸಾರು ಕುಡಿಯುತ್ತ ಬೈಯಲು ಬರುವುದಿಲ್ಲ. ಯಾಯಾ ಹೋಗುವ ದಿನ ಹೇಳಿಯೇ ತೀರುತ್ತೇನೆ, ತಿಳಿಯಲಿ ಎಂದು ನಿರ್ಧರಿಸಿದೆ.

ಹೋಮಿನಲ್ಲಿ ಕೋಣೆ ಖಾಲಿಯಾಗಲು ಕೆಲವು ವಾರ ಹಿಡಿಯಿತು. ಮಗ ಗ್ಯಾಸಿನವನನ್ನು ಕರೆಸಿ ಗ್ಯಾರೇಜಿನ ಅವನ್‌ನ ಕನೆಕ್ಷನ್ ತೆಗೆಸಿದ. ಯಾಯಾ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಬೆಳಿಗ್ಗೆ ನಾನು ಹೋಗಿ ಅವನ್ ತೆರೆದರೆ, ತಣ್ಣಗಿನ ತಟ್ಟೆಗಳ ಮೇಲೆ ಹಸಿ ಹಿಟ್ಟಿನ ಉಂಡೆಗಳು ಸಾಲಾಗಿ ಕೂತಿರುತ್ತಿದ್ದವು. ಎರಡು ದಿನ ಬಿಟ್ಟರೆ ಹುಳಿ ನಾತ. ನಾನು ಆ ಉಂಡೆಗಳನ್ನು ಕಸಕ್ಕೆ ಹಾಕುವಾಗ ಅವರು ಬಾಗಿಲಲ್ಲಿ ನಿಂತು ಬೀದಿಯನ್ನು ಕಾಯುತ್ತಿದ್ದರು. ಯಾವುದಾದರೂ ದೊಡ್ಡ ವಾಹನ ತಿರುವಿನಲ್ಲಿ ಸದ್ದು ಮಾಡಿದರೆ, ಅದು ಕಸದ ಲಾರಿಯೇ ಆಗಲಿ, ಕೈ ಬೀಸಿ ನನಗೆ ಒಳಗೆ ಹೋಗು ಎನ್ನುತ್ತಿದ್ದರು. ಮಾತು ಬಹುಪಾಲು ನಿಂತುಹೋಗಿತ್ತು. ವಿಚಿತ್ರವೆಂದರೆ ಅತ್ತೆಯ ಮೇಲೆ ಅವರಿಗೆ ಮುನಿಸು ಇದ್ದಂತೆ ಕಾಣಲಿಲ್ಲ. ಮಧ್ಯಾಹ್ನ ಬಂದು ಅತ್ತೆಯ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಅತ್ತೆಯೇ ನನ್ನನ್ನು ಕೇಳಿದರು: "ಅಕ್ಕಾರು ಯಾಕ ಹಿಂಗ ಆಗ್ಯಾರವಾ? ಯಾಕ ಕರಕೊಂಡ ಹೊಂಟಾರ ಅವರನ್ನ?" ನಾನು ಡಾಕ್ಟರ್ ಹೇಳಿದ್ದಾರೆ ಎಂದು ಮೊಟಕು ಮಾಡಿದೆ. ಮಸೆದ ಮಾತುಗಳು ನಾಲಿಗೆಯ ಮೇಲೇ ಇದ್ದವು.

ಹೋಗುವ ಬೆಳಿಗ್ಗೆ ಮಗ ಕಾರಿಗೆ ಪೆಟ್ಟಿಗೆ ಇಟ್ಟ. ಯಾಯಾ ಕಪ್ಪು ಉಡುಪು ಉಟ್ಟು, ತಲೆಗೆ ಕಪ್ಪು ವಸ್ತ್ರ ಕಟ್ಟಿ, ಮೆಟ್ಟಿಲಿಳಿದು ಬಂದರು. ಅತ್ತೆ ಖಡಕ್ ರೊಟ್ಟಿಯ ಗಂಟೊಂದನ್ನು ಅವರ ಕೈಗಿಟ್ಟರು. ದಾರಿಗೆ ಹೊರಟವರನ್ನು ಬರಿಗೈಯಲ್ಲಿ ಕಳಿಸುವುದು ಧಾರವಾಡದಲ್ಲಿ ಇಲ್ಲ. ಯಾಯಾ ಅತ್ತೆಯ ಎರಡೂ ಕೆನ್ನೆಗೆ ಮುತ್ತಿಟ್ಟು, ಅತ್ತೆ ಕಣ್ಣೊರೆಸಿಕೊಳ್ಳುತ್ತ ಹಿಂದೆ ಸರಿದ ಮೇಲೆ, ನನ್ನನ್ನು ಆಲಿವ್ ಮರದ ಹತ್ತಿರಕ್ಕೆ ಕರೆದರು. ಕಣ್ಣು ತಿಳಿಯಾಗಿತ್ತು.

"ಅವತ್ತು ಕೇಳಿದೆಯಲ್ಲ, ಜರ್ಮನ್‌ನವನಿಗೆ ಯಾರು ಹೇಳಿದ್ದು ಅಂತ," ಎಂದರು. "ನನ್ನ ಅಜ್ಜಿ. ಅಪ್ಪನ ಅಮ್ಮ. ಮನೇಲಿ ಸೊಸೆಗೆ ಒಂದು ಒಳ್ಳೆ ಮಾತು ಆಡಿದವಳಲ್ಲ. ಹೊರಗಿನವನು ಕೇಳಿದ ತಕ್ಷಣ ಹೆಮ್ಮೆ ತಡೀಲಿಲ್ಲ. ಒಲೆ ಕಡೆ ಕೈ ತೋರಿಸಿದಳು. ಆ ಕೈ ನನಗೆ ಗೊತ್ತು."

ನಾನು ಅತ್ತೆಯ ಕಡೆ ನೋಡಿದೆ. ಅವರು ಕಾರಿನ ಕಿಟಕಿಯಲ್ಲಿ ಬಗ್ಗಿ ರೊಟ್ಟಿಯ ಗಂಟನ್ನು ಸರಿಯಾಗಿ ಇಡುತ್ತಿದ್ದರು.

"ಆಮೇಲೆ ಬಹಳ ವರ್ಷ ಬದುಕಿದಳು," ಎಂದರು ಯಾಯಾ. "ನಮ್ಮ ಮನೇಲೇ. ಅಪ್ಪ ಅದೇ ಮೇಜಿನಲ್ಲಿ ಊಟ ಮಾಡಿದ. ಅಪ್ಪನಿಗೆ ಗೊತ್ತಿತ್ತು, ನಮಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು. ಯಾರೂ ಹೇಳಲಿಲ್ಲ. ಯಾರೋ ಹೊಟ್ಟೆಕಿಚ್ಚಿನವರು ಹಿಡಿದುಕೊಟ್ಟರು ಅಂತ ಅವಳು ನಂ‍ಬಿದ್ದಳು. ಪ್ರತಿ ಭಾನುವಾರ ಮೇಣದಬತ್ತಿ ಹಚ್ಚಿ ಅವರಿಗೆ ಶಾಪ ಹಾಕ್ತಿದ್ದಳು. ನಾವು ಪಕ್ಕದಲ್ಲಿ ನಿಂತು ಆಮೆನ್ ಅಂತಿದ್ವಿ."

ಮಗ ಕಾರಿನ ಬಾಗಿಲು ತೆರೆದು ಹಿಡಿದಿದ್ದ. ಯಾಯಾ ನನ್ನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದರು. "ನೀನು ಸೊಸೆ. ನಿನ್ನ ಮುಖ ನೋಡ್ತಿದೀನಿ ಇಷ್ಟು ದಿನ. ಹೇಳಬೇಡ," ಎಂದರು. ಹೋಗಿ ಕೂತರು. ಕಾರು ತಿರುವು ದಾಟುವ ತನಕ ಅವರು ತಿರುಗಿ ನೋಡಲಿಲ್ಲ.

ಬೀದಿಯಲ್ಲಿ ನಾವಿಬ್ಬರೇ ಉಳಿದೆವು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅವರಿಗೆ ಈಗ ಸಿಟ್ಟು ಬರುತ್ತಿತ್ತು.

"ಆ ಪಂಜಾಬದ ಹುಡುಗಿ ಎಲ್ಲಾ ಛಲೋನ ಬರಕೊಂಡ ಹೋಗಿದ್ಲವಾ," ಎಂದರು. "ನಡುವ ಯಾರೋ ಬಾಯಿ ಹಾಕಿ ಕೆಡಿಸ್ಯಾರ. ಇಂಥಾ ಪುಣ್ಯವಂತೀನ ಮನಿ ಬಿಡಿಸಿದವರ ಬಾಯಾಗ ಹುಳ ಬೀಳಲಿ."

ಅವರು ನನ್ನ ಮುಖ ನೋಡುತ್ತ ಉತ್ತರಕ್ಕೆ ಕಾದರು.

"ಹೌದು ಅತ್ತೆ," ಎಂದೆ. "ಬೀಳಲಿ."